ಪ್ಲಾಸ್ಟಿಕ್ ಅಂಗಿಯ ರಿಮೋಟು

ನಮ್ಮ ಟೀವಿಯ ರಿಮೋಟಿಗೆ ನಾನೊಂದು ಪ್ಲಾಸ್ಟಿಕ್ ಅಂಗಿ ತೊಡಿಸಿ ರಬ್ಬರ್ ಬ್ಯಾಂಡು ಬಿಗಿದಿದ್ದೆ. ಉಪ್ಪುಂದದ ಕಡಲಗಾಳಿ ಪೆಟ್ಟಿಗೆಯೊಳಗಿನ ಸೂಜಿಯನ್ನೂ ತುಕ್ಕು ಹಿಡಿಸದೆ ಬಿಡುವುದಿಲ್ಲ, ಮೇಲಿಂದ ಮೀನು ಕೊಯ್ದ ನನ್ನ ಕೈ ಬೇರೆ. ನಿಮ್ಮ ಮನೆಯ ರಿಮೋಟೂ ಹೀಗೆಯೇ ಇದ್ದರೆ ನಾಚಿಕೆ ಬೇಡ, ವಸ್ತು ಬಾಳಲಿ ಎಂಬ ಆಸೆ ತಪ್ಪಲ್ಲ.

ಪಿಯುಸಿ ಮುಗಿಸಿದ ಮೊಮ್ಮಗಳು ಅಶ್ವಿನಿಗೆ ಆಟದ ಹುಚ್ಚು. ಕಂಪ್ಯೂಟರೋ, ಟೀವಿಗೆ ಸಿಕ್ಕಿಸಿ ಆಡುವ ಕನ್ಸೋಲೋ, ಒಂದನ್ನು ಮಾತ್ರ ಕೊಡಿಸುತ್ತೇನೆಂದು ಅವಳಪ್ಪ, ಅಂದರೆ ನನ್ನ ಮಗ, ಹೇಳಿದ್ದ. ಕನ್ಸೋಲ್ ಬಂದರೆ ನನ್ನ ಸಂಜೆಯ ಧಾರಾವಾಹಿಗೆ ಕುತ್ತು. ಹಾಗಾಗಿ ತೀರ್ಮಾನ ನನ್ನ ಬಾಯಿಗೆ ಬಂದು ನಿಂತಿತು.

"ಯಾವ್ದ್ ಲಾಯ್ಕ್, ಹೆಣೆ?" ಎಂದು ಹುಡುಗಿಯನ್ನೇ ಕೇಳಿದೆ.

"ಕಂಪ್ಯೂಟರ್ ಆರೆ ಬಿಚ್ಚಿ ಒಳ್ಗಿನ್ ಸಾಮಾನ್ ಬದ್ಲ್ಸ್ಲಕ್ಕ್ ಅಜ್ಜಿ, ಓದುಕೂ ಆತ್ತ್. ಕನ್ಸೋಲ್ ಆರೆ ಇಬ್ರ್ ಒಟ್ಟಿಗ್ ಕೂಕಂಡ್ ಆಡ್ಲಕ್ಕ್. ಆರೆ ನಿನ್ ಟೀವಿ..."

"ಟೀವಿ ಸುದ್ದಿ ಬಿಡ್. ನಿಂಗೆಂತ ಬೇಕ್?"

"ಕಂಪ್ಯೂಟರೇ ಸಾಕ್," ಎಂದಳು. ಮುಖ ಮಾತ್ರ ಹಾಗೆ ಹೇಳಲಿಲ್ಲ.

ಬ್ರಹ್ಮಾವರದ ನನ್ನ ಮಗಳ ಮನೆಯಲ್ಲಿ ಅವಳು ಕನ್ಸೋಲ್ ಆಡಿದ್ದನ್ನು ನಾನು ಕಂಡಿದ್ದೇನೆ. ಬೆರಳು ಬೆರಳಿಗೂ ಬೇರೆ ಬೇರೆ ಕೆಲಸ, ಕಣ್ಣು ಒಂದೇ ಕಡೆ. ಸೋತರೆ ಅಳುವುದಿಲ್ಲ, ಮೊಣಕೈಯಿಂದ ಪಕ್ಕದಲ್ಲಿ ಕೂತ ಅತ್ತೆಮಗಳನ್ನು ತಿವಿದು, ನಕ್ಕು, ಮತ್ತೊಮ್ಮೆ ಎನ್ನುತ್ತಾಳೆ. ಇಷ್ಟು ಛಲ ನಮ್ಮ ದೋಣಿಯವರಲ್ಲೂ ಎಲ್ಲರಿಗಿಲ್ಲ.

ಬೀಸುಬಲೆಯವನ ಕಸುಬು ದೊಡ್ಡದೇ. ತಾನೇ ಬಲೆ ಹೆಣೆದು, ತನಗೆ ಬೇಕಾದಂತೆ ತಿದ್ದಿ, ಸೊಂಟಮಟ್ಟದ ನೀರಿನಲ್ಲಿ ಒಬ್ಬನೇ ನಿಂತು ಬೀಸುತ್ತಾನೆ, ಕಂಪ್ಯೂಟರ್ ಅಂಥದ್ದು. ಕೈರಂಪಣಿಯ ಬಲೆಯ ಬೆಡಗೇ ಬೇರೆ: ಅದರ ಹಗ್ಗವನ್ನು ದಡದಲ್ಲಿ ನಿಂತು ಊರೇ ಎಳೆಯಬೇಕು, ದಾರಿಹೋಕನೊಬ್ಬ ಬಂದು ಕೈ ಹಾಕಿದರೂ ಅವನಿಗೊಂದು ಪಾಲು ಮೀನುಂಟು. ನನ್ನ ಬಾಲ್ಯದ ಹೊಟ್ಟೆ ತುಂಬಿದ್ದು ಹಾಗೆ ಸಿಕ್ಕ ಪಾಲಿನಿಂದ. ಕಂಪ್ಯೂಟರಿನ ಮುಂದೆ ಕೋಣೆಯ ಬಾಗಿಲು ಹಾಕಿಕೊಂಡು ಈ ಹುಡುಗಿ ಒಬ್ಬಳೇ ಗೆದ್ದರೆ ನನಗೆ ಕಾಣುವುದಾದರೂ ಹೇಗೆ?

"ಕನ್ಸೋಲೇ ಬರ್ಲಿ," ಎಂದೆ. "ಆರೆ ಹಗ್ಗದ್ ಒಂದ್ ತುದಿ ನಂಗೂ ಕೊಡ್ಕ್."

ಕುಂದಾಪುರದ ಅಂಗಡಿಯಿಂದ ಬಂತು, ಕೈಯಲ್ಲಿ ಹಿಡಿದು ಆಡುವ ಎರಡು ಕಂಟ್ರೋಲರುಗಳ ಸಮೇತ. ನನ್ನ ಪಾಲಿನದಕ್ಕೆ ನಾನು ಮೊದಲು ಮಾಡಿದ್ದು ಪ್ಲಾಸ್ಟಿಕ್ ಅಂಗಿ ತೊಡಿಸಿದ್ದು. ಬೆರಳು ಜಾರಿ, ಆಟದೊಳಗಿನ ನನ್ನ ಕಾರು ರಸ್ತೆ ಬಿಟ್ಟು ಹೋಗಿ ಹೋಗಿ ಗೋಡೆಗೇ ಗುದ್ದಿತು.

"ಅಜ್ಜೀ, ಅದ್ರ್ ಅಂಗಿ ತೆಗಿ ಮಾರಾಯ್ತಿ! ಹಗ್ಗ ಎಳೂಕೆ ಯಾರಾರೂ ಕೈಗ್ ಚೀಲ ಹಾಯ್ಕಂತ್ರಾ?"

ತೆಗೆದೆ. ಆಮೇಲೂ ಸೋತೆ ಅನ್ನಿ, ಆದರೆ ಗೋಡೆ ತಪ್ಪಿತು. ಮೊಣಕೈಯ ತಿವಿತ ಈಗ ನನ್ನ ಪಕ್ಕೆಗೆ.

ಧಾರಾವಾಹಿಯ ಹೊತ್ತಿನಲ್ಲಿ ಕೆಲಸವಿಲ್ಲದೆ ಬಿದ್ದಿದ್ದ ರಿಮೋಟಿನ ಅಂಗಿಯನ್ನೂ ಮರುದಿನ ಬಿಚ್ಚಿದೆ. ಗಾಳಿಗೆ ಕೆಟ್ಟರೆ ಕೆಡಲಿ. ಇಷ್ಟು ವರ್ಷ ಒತ್ತಿದ ಗುಂಡಿಗಳು ಅಷ್ಟು ನುಣುಪಾಗಿದ್ದವೆಂದು ನನ್ನ ಬೆರಳಿಗೆ ಗೊತ್ತಾದದ್ದು ಆಗಲೇ.