ಹೂಂ ಅನ್ನದೆ ಏಳುವುದು ಹೇಗೆ

ಕಮತಗಿಯಲ್ಲಿ ಮನೆಮನೆಗೆ ಟಿವಿ ಕೇಬಲ್ ಎಳೆದು ತಲೆ ನರೆತ ಮೇಲೆ, ಇಂಟರ್ನೆಟ್ ಪ್ರೋಟೋಕಾಲ್ ಕಲಿಯಲು ನಾನು ಆನ್‌ಲೈನ್ ಕಾಲೇಜು ಸೇರಿದೆ. ಎರಡು ಕಂಪ್ಯೂಟರುಗಳು ಮಾತು ಮುಗಿಸುವಾಗ ಒಂದು ಹೊರಡುತ್ತೇನೆಂದು ಹೇಳಬೇಕು, ಇನ್ನೊಂದು ಒಪ್ಪಬೇಕು ಎಂದರು ಸರ್. ಹೊರಟವರು ಬರ್ತೇನ್ರಿ ಎಂದರೆ ಮನೆಯವರು ಹೂಂ ಅನ್ನುವ ನಮ್ಮೂರ ರಿವಾಜೇ ಇದು ಎಂದು ಬೀಗಿದೆ.

ಪಾಠ ಮುಗಿಯಿತು. ಎಲ್ಲರೂ ಹೋದರು. ಮೊಬೈಲ್ ಪರದೆಯಿಂದ ಸರ್ ಮುಖವೂ ಮಾಯವಾದಾಗ ಸಿಗ್ನಲ್ ಹೋಗಿರಬೇಕೆಂದುಕೊಂಡೆ. ಒಪ್ಪಿಗೆಯಿಲ್ಲದೆ ಎದ್ದುಹೋಗುವುದು ಮರ್ಯಾದೆಯೇ? ಕೈಮುಗಿದು, "ಬರ್ತೇನ್ರಿ ಸರ್" ಎಂದು ಕಾಯುತ್ತ ಕೂತೆ.

ರೊಟ್ಟಿ ಬಡಿದು ಮುಗಿಸಿದ ಹೆಂಡತಿ ಅಂಜನಾ ಬಂದು ಇಣುಕಿದಳು.

"ಯಾರಿಗ್ರಿ ಕೈ ಮುಗಿಯಾಕತ್ತೀರಿ? ಮೊಬೈಲ್‌ನ್ಯಾಗ ನಿಮ್ಮ ಮಾರಿ ಒಂದ ಐತಿ."

"ಸರ್ ಹೂಂ ಅನ್ನಬೇಕಲ್ಲ."

"ಅವರ ಬದ್ಲಿ ನಾನ ಅಂತೇನಿ. ಹೂಂ. ಏಳ್ರಿ, ರೊಟ್ಟಿ ಆರಾಕತ್ತಾವು."