ಸಿಡಿಲಣ್ಣನ ಎಡಗೆನ್ನೆ

ಹೋದ ಭಾನುವಾರ ಬೆಳಿಗ್ಗೆ ಹಾಲು ಹಾಕಲು ಬಂದ ನಿಂಗಮ್ಮ ನಮ್ಮ ಹಜಾರದೊಳಗೆ ಇಣುಕಿ ನೋಡಿ, ಕಿಟಾರನೆ ಕಿರುಚಿಕೊಂಡಳು.

ಕಿರುಚದೆ ಇನ್ನೇನು ಮಾಡುತ್ತಾಳೆ ಪಾಪ? ನಮ್ಮ ಯಜಮಾನರು ಬೆಂಚಿನ ಮೇಲೆ ಬೋರಲು ಮಲಗಿದ್ದರು. ಎರಡೂ ಕೈ ಮುಂದಕ್ಕೆ ಚಾಚಿದ್ದವು. ಎರಡೂ ಕಾಲು ಹಿಂದಕ್ಕೆ ಸೆಟೆದಿದ್ದವು. ಕುತ್ತಿಗೆಗೆ ನನ್ನ ಹಳೆಯ ಕೆಂಪು ಸೀರೆಯ ತುಂಡು ಕಟ್ಟಿತ್ತು. ಅದರ ಇನ್ನೊಂದು ತುದಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿದ್ದೆ, ಗಾಳಿಗೆ ಹಾರುತ್ತಿರುವಂತೆ ಕಾಣಲಿ ಅಂತ.

"ಅಯ್ಯೋ ನಮ್ಮವ್ವ, ಅಯ್ನೋರ್ಗೆ ಏನಾಯ್ತು?"

"ಏನೂ ಆಗಿಲ್ಲ ಕಣೇ, ಹಾರ್ತಾ ಇದಾರೆ," ಎಂದೆ ನಾನು, ಪೆನ್ಸಿಲ್ ಎತ್ತದೆ.

ಅವಳು ಹಾಲನ್ನು ಹೊಸ್ತಿಲಲ್ಲೇ ಇಟ್ಟು ಹೋದಳು. ನಮ್ಮ ಬೀದಿಯ ಕೊನೆ ತಲುಪುವಷ್ಟರಲ್ಲಿ ಸುದ್ದಿ ಏನಾಗಿತ್ತೋ ದೇವರಿಗೇ ಗೊತ್ತು. (ಸಂಜೆ ಎದುರು ಮನೆಯವರು ನಿಂಬೆಹಣ್ಣು ಮಂತ್ರಿಸಿಕೊಡುವವರ ವಿಳಾಸ ಕೊಟ್ಟರು. ತೆಗೆದಿಟ್ಟುಕೊಂಡಿದ್ದೇನೆ.)

ಈ ಅಂಕಣದಲ್ಲಿ ವಾರ ವಾರ ಬಸ್ಸು, ಸೀಮೆಎಣ್ಣೆ ಕ್ಯೂ, ಕರೆಂಟು ಹೋಗುವುದು ಅಂತ ಗೊಣಗುತ್ತಾ ಬಂದ ನಾನು ಒಂದು ವಿಷಯ ನಿಮ್ಮಿಂದ ಮುಚ್ಚಿಟ್ಟಿದ್ದೆ. ನನಗೆ ಕಾಮಿಕ್ಸ್ ಹುಚ್ಚು ಹಿಡಿದಿದೆ. ಓದುವ ಹುಚ್ಚಲ್ಲ ಸ್ವಾಮಿ, ಬರೆಯುವ ಹುಚ್ಚು!

ಎಲ್ಲ ನನ್ನ ತಮ್ಮನಿಂದ ಶುರುವಾದದ್ದು. ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುವ ಅಕ್ಕನಿಗೆ ಅನುಕೂಲವಾಗಲಿ ಅಂತ ಬೆಂಗಳೂರಿನ ಫುಟ್‌ಪಾತಿನಿಂದ ಹಳೆಯ ಇಂಗ್ಲಿಷ್ ಕಾಮಿಕ್ಸಿನ ಒಂದು ಕಟ್ಟು ತಂದುಕೊಟ್ಟ. ಮಕ್ಕಳಿಗೆ ಕೊಡುವ ಮುಂಚೆ ನಾನೊಮ್ಮೆ ನೋಡೋಣ ಅಂತ ಕೂತೆ. ಒಲೆಯ ಮೇಲಿನ ಸಾರು ಸೀದುಹೋಯಿತು. ಒಬ್ಬ ಮನುಷ್ಯ ಒಂದು ಚೌಕದಲ್ಲಿ ನೆಲದ ಮೇಲಿದ್ದಾನೆ, ಮುಂದಿನ ಚೌಕದಲ್ಲಿ ಮೋಡದೊಳಗಿದ್ದಾನೆ! ನಡುವೆ ಇರುವುದು ಒಂದು ಗೆರೆ ಅಗಲದ ಖಾಲಿ ಜಾಗ. ಆ ಜಾಗದಲ್ಲಿ ಅವನನ್ನು ಹಾರಿಸಿದ್ದು ಯಾರು? ನಾನೇ ಅಲ್ಲವೇ?

ಆಮೇಲೆ ತಲೆಯಲ್ಲಿ ಒಂದೇ ಯೋಚನೆ. ಈ ಮಹಾಪುರುಷರೆಲ್ಲ ಯಾಕೆ ಯಾವಾಗಲೂ ಅಮೆರಿಕದ ಗಗನಚುಂಬಿಗಳ ಮೇಲೆಯೇ ಹಾರಬೇಕು? ನಮ್ಮ ಮದ್ದೂರಿನ ನೀರಿನ ಟ್ಯಾಂಕಿನ ಮೇಲೆ ಹಾರಿದರೆ ಬಿದ್ದುಹೋಗುತ್ತಾರೆಯೇ?

ಹೀಗೆ ಹುಟ್ಟಿದ ನಮ್ಮ ಸಿಡಿಲಣ್ಣ. ಹಗಲು ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಾನೆ. ಆಪತ್ತು ಬಂದಾಗ ಹಾರುತ್ತಾನೆ.

ಹುಟ್ಟಿಸುವುದು ಸುಲಭ. ಬರೆಯುವುದು? ರಂಗೋಲಿಯಲ್ಲಿ ಪಳಗಿದ ಕೈ ಅಂತ ನನಗೆ ಜಂಬವಿತ್ತು. ಮುಷ್ಟಿ ಬರೆದರೆ ಬನ್ ಆಯಿತು. ತೋಳು ಬರೆದರೆ ಪಡುವಲಕಾಯಿ ಆಯಿತು. ಕಿಸೆಯಲ್ಲಿ ಕನ್ನಡಿ ಇಟ್ಟುಕೊಂಡಿರುವ ಹೈಸ್ಕೂಲು ಹುಡುಗನಂತೆ ನಾನು ಹೊತ್ತು ಗೊತ್ತಿಲ್ಲದೆ ಕನ್ನಡಿ ಮುಂದೆ ಹುಬ್ಬು ಗಂಟಿಕ್ಕಿ, ಹಲ್ಲು ಕಡಿದು, ಅದನ್ನು ನೋಡಿ ನೋಡಿ ಬರೆದೆ. ನಾಚಿಕೆಯೇನೂ ಆಗಲಿಲ್ಲ. ಖುಷಿಯಾಗುತ್ತಿತ್ತು.

ಮಂಡ್ಯಕ್ಕೆ ಹೋಗಿ ಇದೇ ಪತ್ರಿಕೆಯ ಸಂಪಾದಕರಿಗೆ ಪುಟ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು. ಇಳಿಸಿ ನೋಡಿದರು.

"ಮೇಡಂ, ಇದರಲ್ಲಿ ಎಷ್ಟು ಜನ ಹೀರೋಗಳು?"

"ಒಬ್ಬನೇ ಸಾರ್."

"ಈ ಬಾಕ್ಸಿನಲ್ಲಿ ಪೂಜಾರಿ ಇದ್ದಂಗವ್ನೆ. ಇಲ್ಲಿ ಬಸ್ ಕಂಡಕ್ಟರು. ಇಲ್ಲಿ ನೀವೇ ಇದೀರಿ. ಓದೋನು ಯಾರನ್ನ ಅಂತ ಹಿಂಬಾಲಿಸ್ತಾನೆ?"

ಮಾತು ನಿಜ. ನೆರೆಯವರನ್ನು ನೋಡಿ ಬರೆದಾಗ ನೆರೆಯವರ ಮೂಗು, ಗೋಡೆಯ ಕ್ಯಾಲೆಂಡರ್ ನೋಡಿ ಬರೆದಾಗ ದೇವರ ಮೂಗು. ಎರಡನೆಯ ಸಲ ಒಯ್ದ ಪುಟಕ್ಕೂ ಅದೇ ಗತಿ. ಆಗ ಅವರು ಖಡಾಖಂಡಿತವಾಗಿ ಹೇಳಿದರು: "ಇನ್ನೊಂದೇ ಒಂದು ಪುಟ ತನ್ನಿ, ಸೋಮವಾರ. ಒಬ್ಬನೇ ಮನುಷ್ಯ ಕಾಣಬೇಕು. ಕಂಡರೆ ಹಿಂಬದಿಯ ಪುಟ ನಿಮ್ಮದು. ಕಾಣದಿದ್ರೆ ಪದಬಂಧ ಹಾಕ್ತೀನಿ. ಆಮೇಲೆ ನನ್ನ ಕೇಳಂಗಿಲ್ಲ."

ಪದಬಂಧ! ನನ್ನ ಸಿಡಿಲಣ್ಣನ ಜಾಗದಲ್ಲಿ ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ!

ಅದಕ್ಕೇ ಈ ಸಲ ಒಬ್ಬನೇ ಮಾಡೆಲ್ಲು, ಅದೂ ಮನೆಯದೇ. ಯಜಮಾನರು ನಾಲೆ ಇಲಾಖೆಯಲ್ಲಿ ಓವರ್‌ಸಿಯರು. ಮೈಕಟ್ಟು ಕಡ್ಡಿ ಪೈಲ್ವಾನರದು, ಆದರೆ ಮೂಗು ಮಾತ್ರ ಎಲ್ಲ ಚೌಕದಲ್ಲೂ ಅದೇ ಇರುತ್ತದಲ್ಲ? ಕಥೆ ಇಷ್ಟೇ: ನಾಲೆಯ ಏರಿ ಒಡೆಯುತ್ತದೆ, ಸಿಡಿಲಣ್ಣ ಹಾರಿ ಬಂದು ಬೆನ್ನು ಕೊಟ್ಟು ನೀರು ತಡೆಯುತ್ತಾನೆ.

"ಬೆನ್ನು ಕೊಟ್ರೆ ನಿಲ್ಲಲ್ಲ ಕಣೇ, ಮರಳು ಮೂಟೆ ಬೇಕು," ಎಂದರು ಓವರ್‌ಸಿಯರು, ಬೋರಲು ಮಲಗಿದ ಕಡೆಯಿಂದಲೇ.

"ಮೂಟೆ ಮಾತಾಡಬಾರದು," ಎಂದೆ.

ಇದನ್ನೆಲ್ಲ ಅಡಿಗೆಮನೆ ಬಾಗಿಲಲ್ಲಿ ಕೂತು ನೋಡುತ್ತಿದ್ದವರು ನಮ್ಮತ್ತೆ. ತಮ್ಮೂರು ಕಿರುಗಾವಲಿನಿಂದ ಮಗನ ಮನೆಗೆ ಬಂದು ತಿಂಗಳಾಗಿತ್ತು. ಸಿಡಿಲಣ್ಣನನ್ನು ಕಂಡರೆ ಅವರಿಗೆ ಮೊದಲ ದಿನದಿಂದಲೂ ಆಗದು. ಇಂಗ್ಲಿಷಿನವರ ಹಾಗೆ ಮೈಗಂಟಿದ ಬಟ್ಟೆ ತೊಡಿಸಿದ್ದಾಗ, "ಯಾವ್ ಸೀಮೆ ಗಂಡ್ಸವ್ವ ಇವ್ನು? ಮಾನ ಮರ್ವಾದೆ ಇಲ್ವಾ?" ಅಂದಿದ್ದರು. ನಾನು ಸೋತು ಕಚ್ಚೆಪಂಚೆ ಉಡಿಸಿದೆ. ಆಗಲೂ ಸಮಾಧಾನವಿಲ್ಲ. "ಸಂಸಾರಸ್ತೆ ಎಣ್ಮಗ್ಳು, ಗಂಡುಸ್ರ ಎದೆ ತೋಳು ಬರ್ಕಂಡ್ ಕುಂತವ್ಳಲ್ಲ," ಅಂತ ರಾಗಿ ಕೇರುತ್ತಾ ಮೊರಕ್ಕೇ ಹೇಳುತ್ತಿದ್ದರು. ಒಂದು ದಿನವಾದರೂ ಚೆನ್ನಾಗಿದೆ ಅಂದದ್ದಿಲ್ಲ.

ಭಾನುವಾರ ಸಂಜೆಗೆ ಪುಟ ಮುಗಿಯಿತು. ಕಪ್ಪು ಇಂಕು ಒಣಗಲಿ ಅಂತ ಹಜಾರದ ಬೆಂಚಿನ ಮೇಲಿಟ್ಟೆ. ಹಾರುವ ಓವರ್‌ಸಿಯರನ್ನು ನೋಡಲು ಬಂದ ಬೀದಿಯ ಹೆಂಗಸರೆಲ್ಲ ಅದರ ಸುತ್ತ ನೆರೆದರು. "ಎಂಗದೆ ನೋಡ್ರವ್ವ ತೋಳು!" "ಕಣ್ಣು ನೋಡು, ನನ್ನೇ ನೋಡ್ದಂಗದೆ!" ಅಂತ ಒಬ್ಬರಾದ ಮೇಲೊಬ್ಬರು. ನಾನು ಒಂದು ಗೇಣು ಉದ್ದವಾದೆ. ಅತ್ತೆ ಮಾತ್ರ ಮುಖ ಗಂಟು ಹಾಕಿಕೊಂಡು ಒಬ್ಬೊಬ್ಬರ ಕಣ್ಣನ್ನೇ ನೋಡುತ್ತಿದ್ದರು.

ಸೋಮವಾರ ಬೆಳಿಗ್ಗೆ ಸ್ನಾನ ಮುಗಿಸಿ ಹಜಾರಕ್ಕೆ ಬಂದು ನೋಡುತ್ತೇನೆ.

ಸಿಡಿಲಣ್ಣನ ಎಡಗೆನ್ನೆಯ ಮೇಲೆ ಕಾಳಿನಷ್ಟು ದಪ್ಪ ಕಪ್ಪು ಬೊಟ್ಟು! ಒಂದು ಚೌಕದಲ್ಲಲ್ಲ, ಮುಖ ಕಂಡ ಪ್ರತಿಯೊಂದು ಚೌಕದಲ್ಲೂ. ಮೋಡದೊಳಗೆ ಹಾರುವಾಗ ಮುಖ ಕಾಣದಲ್ಲ? ಅಲ್ಲಿ ಅಂಗಾಲಿಗೆ ಇಟ್ಟಿತ್ತು.

ಕಾಡಿಗೆ. ನಮ್ಮತ್ತೆ ಹರಳೆಣ್ಣೆ ದೀಪದ ಮಸಿಗೆ ತುಪ್ಪ ಕಲೆಸಿ ಕೈಯಾರೆ ಮಾಡಿದ ಅಪ್ಪಟ ಕಾಡಿಗೆ.

"ಅತ್ತೇ! ಏನ್ಮಾಡಿಬಿಟ್ರಿ!"

"ಯಾಕವ್ವ ಅಂಗ್ ಬಡ್ಕತೀಯ? ನೆನ್ನೆ ಊರೋರ್ ಕಣ್ಣೆಲ್ಲಾ ಅದ್ರ್ ಮ್ಯಾಲೇ ಇತ್ತು. ದಿಷ್ಟಿ ಆಗ್ಬುಟ್ರೆ? ಇಕ್ಕಿವ್ನಿ, ಬುಡು."

ಬಿಡುವುದೇ? ಬ್ಲೇಡಿನಲ್ಲಿ ಕೆರೆದೆ, ಕಾಗದ ಎದ್ದು ಬಂತು. ಬಿಳಿ ಬಣ್ಣ ಹಚ್ಚಿದೆ, ತುಪ್ಪದ ಮೇಲೆ ಬಣ್ಣ ನಿಲ್ಲುತ್ತದೆಯೇ? ಜಾರಿತು. ಬೊಟ್ಟಿನ ಸುತ್ತ ಜಿಡ್ಡು ಮೆಲ್ಲಗೆ ಹರಡುತ್ತಾ ಇತ್ತು. ನನಗೆ ಸಿಟ್ಟು ಬಂತು, ಅಳು ಬಂತು, ಎರಡೂ ಒಟ್ಟಿಗೆ ಬಂದವು. ಯಜಮಾನರು "ನಾಲೆ ನೋಡ್ಕೊಂಡು ಬರ್ತೀನಿ" ಅಂತ ಸೈಕಲ್ ಹತ್ತಿದರು. (ನಾಲೆಯಲ್ಲಿ ಈಗ ನೀರಿಲ್ಲ. ಅದು ಅವರಿಗೂ ಗೊತ್ತು.)

ಹೊಸದಾಗಿ ಬರೆಯಲು ಹೊತ್ತಿಲ್ಲ. ಹೋಗದಿದ್ದರೆ ಪದಬಂಧ. ಹೋದರೆ ನಗೆಪಾಟಲು. ನಾನು ಬಾಗಿಲಲ್ಲೇ ಕುಕ್ಕರಿಸಿದ್ದೆ. ಅತ್ತೆ ಪುಟವನ್ನು ಹಳೆಯ ಪೇಪರಿನಲ್ಲಿ ಸುತ್ತಿ ನನ್ನ ಮಡಿಲಿಗೆ ಹಾಕಿದರು.

"ಓಗು, ಬಸ್ ಓಯ್ತದೆ. ತೋರುಸ್ದೆ ಅವ್ರ್ಗೆಂಗ್ ಗೊತ್ತಾದದು?"

ಮಂಡ್ಯದವರೆಗೂ ಅವರನ್ನು ಮನಸ್ಸಿನಲ್ಲೇ ಬೈದುಕೊಂಡು ಹೋದೆ. ಬಸ್ಸು ನಿಲ್ಲುವಾಗಲೂ ಬೈಗುಳ ಮುಗಿದಿರಲಿಲ್ಲ.

ಸಂಪಾದಕರು ಪುಟ ಬಿಚ್ಚಿದರು. ನೋಡಿದರು. ಬೆರಳಿನಿಂದ ಬೊಟ್ಟು ಮುಟ್ಟಿದರು, ಬೆರಳು ಕಪ್ಪಾಯಿತು. ಮೂಸಿದರು.

"ಏನ್ರಮ್ಮ ಇದು, ತುಪ್ಪ?"

ಸುಳ್ಳು ಹೇಳಲು ಏನೂ ಹೊಳೆಯಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಅವರು ನಕ್ಕರು ನೋಡಿ, ಒಳಗೆ ಅಚ್ಚಿನ ಮೊಳೆ ಜೋಡಿಸುತ್ತಿದ್ದವರೆಲ್ಲ ಕೆಲಸ ಬಿಟ್ಟು ಬಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಗು ನಿಂತ ಮೇಲೆ ಅವರು ಪುಟವನ್ನು ಮೇಜಿನ ಮೇಲೆ ನೇರ ಮಾಡಿ, ಮೊದಲ ಚೌಕದಿಂದ ನಿಧಾನವಾಗಿ ಓದತೊಡಗಿದರು. ಹಿಂದಿನ ಸಲ ಹೀಗೆ ಓದಿರಲಿಲ್ಲ.

ಕೊನೆಯ ಚೌಕದಲ್ಲಿ ಸಿಡಿಲಣ್ಣ ಒಡೆದ ಏರಿಗೆ ಬೆನ್ನು ಕೊಟ್ಟು ನಿಂತಿದ್ದಾನೆ. ನೀರು ಕುತ್ತಿಗೆವರೆಗೆ ಬಂದಿದೆ.

"ಮುಂದೆ ಏನಾಗ್ತದೆ?" ಎಂದರು.

"ಸಾರ್?"

"ಅಲ್ರೀ, ನೀರು ಏರ್ತಾ ಇದೆ. ಇವನು ಎಷ್ಟೊತ್ತು ಅಂತ ಹಿಂಗೇ ನಿಂತಿರ್ತಾನೆ? ಮುಂದೇನು?"

ಓದುಗನೊಬ್ಬ 'ಮುಂದೇನು' ಎನ್ನುವುದಕ್ಕಿಂತ ದೊಡ್ಡ ಸರ್ಟಿಫಿಕೇಟು ಕಾಮಿಕ್ಸ್ ಬರೆಯುವವಳಿಗೆ ಬೇರೆ ಇದೆಯೇ?

"ಪರವಾಗಿಲ್ಲ," ಎಂದರು ಆಮೇಲೆ. "ಈ ಸಲ ಒಬ್ಬನೇ ಕಾಣ್ತಾನೆ." ನಮ್ಮ ಸೀಮೆಯ ಬಾಯಲ್ಲಿ ಪರವಾಗಿಲ್ಲ ಅಂದರೆ ಫಸ್ಟ್ ಕ್ಲಾಸು ಅಂತ ಅರ್ಥ, ಹೊರಗಿನವರಿಗೆ ತಿಳಿಯದಿದ್ದರೆ ತಿಳಿದಿರಲಿ. ಒಬ್ಬನೇ ಕಂಡದ್ದು ಬೊಟ್ಟಿನ ದೆಸೆಯಿಂದಲೋ, ನನ್ನ ಕೈ ಪಳಗಿದ್ದರಿಂದಲೋ? ಕೇಳುವ ಧೈರ್ಯ ಮಾಡಲಿಲ್ಲ. ಜಿಡ್ಡಿನ ಕಾಗದದಿಂದ ಅಚ್ಚಿಗೆ ಬ್ಲಾಕ್ ಮಾಡಿಸಲು ಬರುವುದಿಲ್ಲವಂತೆ. ಹೊಸ ಹಾಳೆಯಲ್ಲಿ ಇದನ್ನೇ ಬರೆದು, ಮುಂದಿನ ಪುಟವನ್ನೂ ಜೊತೆಗೆ ತರಬೇಕಂತೆ. "ಬೊಟ್ಟು ಇರಲಿ," ಎಂದರು, "ಆದರೆ ಇಂಕಿನಲ್ಲಿ." ಪದಬಂಧದ ಸುದ್ದಿ ಎತ್ತಲಿಲ್ಲ. ನಾನೂ ನೆನಪಿಸಲಿಲ್ಲ.

ಮದ್ದೂರಿಗೆ ಹೇಗೆ ಬಂದೆನೋ ಗೊತ್ತಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿರಲಿಲ್ಲ, ಅದು ಗೊತ್ತಾದದ್ದು ಇಳಿದ ಮೇಲೆ.

ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಎಲ್ಲ ಹೇಳಿದೆ. ಹೂಂ ಅಂದರು, ಅಷ್ಟೇ. ಪಕ್ಕದಲ್ಲಿ ಕೂತು ನಾನೂ ಒಂದು ಹಿಡಿ ಕಾಯಿ ಎತ್ತಿಕೊಂಡೆ.

"ಅಲ್ಲ ಅತ್ತೆ," ಎಂದೆ, "ತಿಂಗಳಿಂದ ನೋಡ್ತಾ ಇದೀರಿ. ಚೆನ್ನಾಗಿದೆ ಅಂತ ಒಂದೇ ಒಂದು ಮಾತು ಹೇಳಬಾರದಾಗಿತ್ತಾ?"

ಅವರು ಕೈಯಲ್ಲಿದ್ದ ಕಾಯಿ ಬಿಟ್ಟು ನನ್ನನ್ನೇ ಪಿಳಿಪಿಳಿ ನೋಡಿದರು, ಇಷ್ಟು ಓದಿದವಳಿಗೆ ಇಷ್ಟೂ ತಿಳಿಯದೇ ಎನ್ನುವ ಹಾಗೆ.

"ಅಯ್ಯೋ ಮಂಕೇ, ಚೆಂದಾಗಿಲ್ದೇ ಇರೋದ್ಕೆ ಯಾರಾರಾ ದಿಷ್ಟಿ ಬೊಟ್ಟು ಇಕ್ತಾರಾ?"