ಪಿಲ್ನಾಮಕ್ಕನ ಇಪ್ಪತ್ತಾರು ದಿನ

ಕಡಲ ಸಿಂಪಿಯ ಚಿಪ್ಪು ಬಿಡಿಸುವ ಶೆಡ್ಡಿನಲ್ಲಿ ಪಿಲ್ನಾಮಕ್ಕ ನನ್ನ ಪಕ್ಕ ನಿಲ್ಲಲು ಶುರುಮಾಡಿ ಹತ್ತೊಂಬತ್ತು ಚಳಿಗಾಲಗಳಾದವು. ನಮ್ಮ ಬಂದರು ಊರು ತೊಂಗ್ಯಾಂಗಿನಲ್ಲಿ ಆ ಕಾಲಕ್ಕೆ ಕಡಲಿನಿಂದ ಏಳುವ ಮಂಜು ಯಾರನ್ನೂ ಕೇಳದೆ ಒಳಗೆ ಬರುತ್ತದೆ. ಎದುರು ಸಾಲಿನ ಹೆಂಗಸರು ಕಾಣುವುದಿಲ್ಲ, ಅವರ ಚಾಕುವಿನ ಸದ್ದು ಮಾತ್ರ ಕೇಳುತ್ತದೆ. ಒಂದು ಗಂಟೆ ಹಾಗೆ ನಿಂತು ಕೆಲಸ ಮಾಡಿದರೆ ನಾವು ಎಚ್ಚರವಾಗಿದ್ದೇವೋ ನಿದ್ದೆಯಲ್ಲಿದ್ದೇವೋ ಗೊತ್ತಾಗುವುದಿಲ್ಲ. ನಿದ್ದೆ ಬಾರದಿರಲಿ ಎಂದೇ ನಾನು ಬಾಯಿ ನಿಲ್ಲಿಸುವುದಿಲ್ಲ. ಪಿಲ್ನಾಮಕ್ಕ ಬಾಯಿ ಬಿಡುವುದೇ ಇಲ್ಲ.

ಅವಳು ಅವರಪ್ಪನಿಗೆ ನಾಲ್ಕನೆಯ ಹೆಣ್ಣು. ಮುಂದಿನದಾದರೂ ಗಂಡಾಗಲಿ ಎಂದು ಇಟ್ಟ ಹೆಸರು ಪಿಲ್ನಾಮ್. ಮುಂದಿನದೂ ಹೆಣ್ಣೇ ಆಯಿತು. ಹೆಸರು ದಂಡವಾಯಿತು, ಹೊತ್ತುಕೊಂಡವಳು ಇವಳು.

ಪ್ರತಿವರ್ಷ ಚಂದ್ರನ ಲೆಕ್ಕದ ಎರಡನೇ ತಿಂಗಳು ಒಂಬತ್ತನೇ ದಿನ ಅವಳು ಫ್ಲಾಸ್ಕಿನಲ್ಲಿ ಕಡಲಪಾಚಿ ಸಾರು ತರುತ್ತಿದ್ದಳು. ಅದು ಬಾಣಂತಿಗೆ ಹಾಲು ಕೂಡಲಿ ಎಂದು ಕೊಡುವ ಸಾರು. ಹುಟ್ಟಿದ ಕೂಸು ಮುಂದೆ ಬದುಕಿರುವಷ್ಟು ಕಾಲ ತನ್ನ ಹುಟ್ಟುದಿನಕ್ಕೆ ಅದನ್ನೇ ಉಣ್ಣುತ್ತದೆ. ಆ ದಿನ ಮಾತ್ರ ಅವರ ಮನೆಯಲ್ಲಿ ಯಾರದ್ದೂ ಹುಟ್ಟುಹಬ್ಬವಲ್ಲ. ಅವಳಿಗೆ ಇರುವುದು ಗಂಡನೊಬ್ಬನೇ, ಬಲೆ ಹೆಣೆಯುವ ನಮ್ಮ ಭಾವ. ಅವರು ಹುಟ್ಟಿದ್ದು ಶರತ್ಕಾಲದಲ್ಲಿ.

“ಇವತ್ತು ಯಾರದಕ್ಕಾ?” ಎಂದು ಕೇಳುತ್ತಿದ್ದೆ.

“ಕಡಲಿಂದು.”

“ಕಡಲಿಗೆ ಎಷ್ಟು ವಯಸ್ಸಾಯ್ತು?”

“ನಿನ್ನ ನಾಲಿಗೆಗಿಂತ ಚಿಕ್ಕದು. ಸುಮ್ನೆ ಉಣ್ಣು, ಮಾಲ್ಸುನ್.”

ನಾಲ್ಕು ವರ್ಷದ ಹಿಂದೆ ಅದೇ ದಿನ ನನಗೆ ಸಿಟ್ಟು ಬಂತು. ಹದಿನೈದು ವರ್ಷ ಸಾರು ಕುಡಿದವಳಿಗೆ ಇಷ್ಟೂ ಹೇಳಬಾರದೇ ಎಂದು ಬಟ್ಟಲು ಕೆಳಗಿಟ್ಟೆ. ಉಳಿದವರೆಲ್ಲ ದೂರದ ಒಲೆಯ ಹತ್ತಿರ ಕಾಲು ಕಾಯಿಸುತ್ತಿದ್ದರು. ಅವಳು ಹಬೆಯನ್ನೇ ನೋಡುತ್ತ, ಬೇರೆ ಯಾರದ್ದೋ ಕಥೆ ಎಂಬಂತೆ ಹೇಳಿದಳು.

ಇಪ್ಪತ್ತರ ಹುಡುಗಿ, ಬೂಸಾನಿನ ರಬ್ಬರ್ ಚಪ್ಪಲಿ ಕಾರ್ಖಾನೆಯಲ್ಲಿ ಕೆಲಸ. ಒಬ್ಬ ಹುಡುಗ ದೂರಸಮುದ್ರದ ಮೀನು ಹಡಗು ಹತ್ತಿದ, ಮೂರು ಪತ್ರ ಬಂದವು, ನಿಂತವು. ಮುಳುಗಿದ್ದು ಹಡಗೋ ಅವನ ಮನಸ್ಸೋ ಕೊನೆಗೂ ತಿಳಿಯಲಿಲ್ಲ. ಹೊಟ್ಟೆ ಕಾಣುವ ಮೊದಲು ಒಂದು ಕನಸು ಬಿತ್ತು. ಬಸಿರಿನ ಕನಸಿಗೆ ನಮ್ಮಲ್ಲಿ ಬೆಲೆಯಿದೆ, ತಾಯಿ ಅದನ್ನು ಮಗುವಿಗೆ ನೂರು ಸಲ ಹೇಳುತ್ತಾಳೆ. ಇಳಿತದ ಕಡಲಲ್ಲಿ ನಡೆಯುತ್ತಿದ್ದಳಂತೆ. ಬಿಳಿ ಹೊಟ್ಟೆಯ ಪುಟ್ಟ ಮೀನೊಂದು ಬಂದು ಅವಳು ಬಿಚ್ಚಿಟ್ಟ ರಬ್ಬರ್ ಚಪ್ಪಲಿಯೊಳಗೆ ಮಲಗಿತಂತೆ.

ಹೆರಿಗೆ ಸೂಲಗಿತ್ತಿಯ ಮನೆಯಲ್ಲಾಯಿತು. ಮುದುಕಿ ಅಭ್ಯಾಸಬಲದಿಂದ ಸಾರು ಬಡಿಸಿದಳು, ಇವಳು ಹಸಿದಿದ್ದಳು, ಉಂಡಳು. ಮೂರನೆಯ ದಿನ ದತ್ತು ಕಚೇರಿಯ ಹೆಂಗಸು ಬಂದು ಮಗುವನ್ನು ಒಯ್ದಳು. ಹಾಲು ಬಂದಿದ್ದು ಅದೇ ಸಂಜೆ. ಕೋಣೆಯ ಗೆಳತಿಯರು ಎದೆಗೆ ಬಟ್ಟೆ ಬಿಗಿದು ಕಟ್ಟಿದರು. ಎರಡು ವಾರ ಹಾಲು ಸೋರುತ್ತಲೇ ಇತ್ತು, ಯಾರದ್ದೋ ಮಗು ಅತ್ತರೆ ಇವಳ ಅಂಗಿ ಒದ್ದೆಯಾಗುತ್ತಿತ್ತು.

“ಆ ಹೆಂಗಸು ಒಳ್ಳೆಯವಳೇ,” ಎಂದಳು ಅಕ್ಕ. “ಮರೆತುಹೋಗುತ್ತೆ ಕಣಮ್ಮಾ, ಚಿಕ್ಕ ವಯಸ್ಸು ಅಂದ್ಲು. ಒಂದು ವರ್ಷ ಕಾದೆ, ಮರೀಲಿಲ್ಲ. ಆಮೇಲೆ ಕಾಯೋದು ಬಿಟ್ಟೆ.”

“ಕನಸು?”

“ವರ್ಷಾ ವರ್ಷ ಬೀಳತ್ತೆ, ಆ ದಿನದ ಹತ್ರ ಹತ್ರ. ಚಪ್ಪಲಿ ಇರುತ್ತೆ. ಅದರಲ್ಲಿ ನೀರು ಮಾತ್ರ.”

ಭಾವನಿಗೆ ಹೇಳಿರಲಿಲ್ಲ. ಮದುವೆಯಾದ ವರ್ಷ ಅವರೂ ಸಾರು ಯಾರದು ಎಂದು ಕೇಳಿದ್ದರಂತೆ, ಅವರಿಗೂ ಅದೇ ಕಡಲಿನ ಉತ್ತರ ಸಿಕ್ಕಿತು. ಮತ್ತೆ ಕೇಳಲಿಲ್ಲ. ಇವರಿಗೆ ಮಕ್ಕಳೂ ಆಗಲಿಲ್ಲ.

“ನಂಗೇನೂ ಬೇಡ ಮಾಲ್ಸುನ್,” ಎಂದಳು. “ಬದುಕಿದ್ದಾಳಾ? ನನ್ನ ಮೇಲೆ ಸಿಟ್ಟಿದೆಯಾ? ಇವೆರಡು ಗೊತ್ತಾದ್ರೆ ಸಾಕು.”

ನಾನು ಸುಮ್ಮನಿರುವ ಜಾತಿಯಲ್ಲ. ರಜೆ ಹಾಕಿಸಿ ಅವಳನ್ನು ಬೂಸಾನಿನ ದತ್ತು ಕಚೇರಿಗೆ ಎಳೆದುಕೊಂಡು ಹೋದೆ. ಅಲ್ಲಿನ ಎಳೆಯ ಹುಡುಗಿ, “ಅಮ್ಮಾ, ಸೂರ್ಯನ ಲೆಕ್ಕದ ತಾರೀಖು ಬರೀಬೇಕು,” ಎಂದು ತಾನೇ ಹಳೆಯ ಪಂಚಾಂಗ ತೆಗೆದು ಮಾರ್ಚ್ ಏಳು ಎಂದು ತುಂಬಿಸಿದಳು. ಎರಡು ತಿಂಗಳ ಮೇಲೆ ಉತ್ತರ ಬಂತು. ಆ ದಿನ ಹುಟ್ಟಿದ ಅಂಥ ಹೆಣ್ಣುಮಗು ನಮ್ಮ ಕಡತದಲ್ಲಿಲ್ಲ. ಅಕ್ಕ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಏಪ್ರನ್ನಿನ ಜೇಬಿಗೆ ಹಾಕಿದಳು, ಆ ದಿನ ಬೇರೆಯವರಿಗಿಂತ ಹೆಚ್ಚು ಸಿಂಪಿ ಬಿಡಿಸಿದಳು. ಆಮೇಲೆ ಕನಸೂ ನಿಂತುಹೋಯಿತು ಎಂದಳು. ನನಗೆ ಹೆದರಿಕೆಯಾಗಿದ್ದು ಆಗ. ಖಾಲಿ ಚಪ್ಪಲಿಯೂ ಹೋದರೆ ಅವಳಿಗೆ ಉಳಿಯುವುದೇನು?

ಇಷ್ಟು ಮಾಡಿದ್ದಕ್ಕೆ ನನ್ನನ್ನೇ ಬೈದುಕೊಳ್ಳುತ್ತ ಮೂರು ವರ್ಷ ಕಳೆದೆ. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಇಬ್ಬರೂ ಜೆಟ್ಟಿಯ ಮೇಲೆ ಕೂತಿದ್ದಾಗ, ಬ್ಯಾಂಕಿನಿಂದ ನನ್ನ ಫೋನಿಗೆ ಹುಟ್ಟುಹಬ್ಬದ ಶುಭಾಶಯ ಬಂತು.

“ಇವತ್ತಾ ನಿಂದು?” ಅಕ್ಕ ನಕ್ಕಳು. “ಸೆಕೆಗಾಲ ಮುಗಿದ ಮೇಲೆ ಅಲ್ವಾ?”

“ಅಪ್ಪ ಪಂಚಾಯ್ತೀಲಿ ಚಂದ್ರನ ತಾರೀಖು ಹೇಳಿದ್ದ, ಗುಮಾಸ್ತ ಅದನ್ನೇ ಸೂರ್ಯಂದು ಅಂತ ಬರ್ಕೊಂಡ. ಕಾಗದದಲ್ಲಿ ನಾನು ಹುಟ್ಟೋಕೆ ಮುಂಚೇನೇ ಹುಟ್ಟಿದೀನಿ.” ಹೇಳಿದವಳು ಅಲ್ಲಿಗೇ ನಿಂತೆ. “ಅಕ್ಕಾ, ಅವತ್ತು ಮಗೂನ ಒಯ್ದ ಆ ಹೆಂಗಸಿಗೆ ಏನಂತ ಹೇಳಿದ್ದೆ?”

“ಎರಡನೇ ತಿಂಗಳು ಒಂಬತ್ತು. ಸೂಲಗಿತ್ತಿ ಹೇಳಿದ್ದು.”

“ಚಂದ್ರಂದು ಅಂತ ಹೇಳಿದ್ಯಾ?”

“ಬೇರೆ ಯಾವುದಿರುತ್ತೆ? ಎಲ್ಲರಿಗೂ ಅದೇ ತಾನೆ,” ಎಂದಳು.

ಆ ಹೆಂಗಸಿನ ಚೀಟಿ ನೋಡಿ ಕಡತ ಬರೆದ, ಮಗುವನ್ನೇ ಕಾಣದ ಪಟ್ಟಣದವರಿಗೆ ಎರಡನೇ ತಿಂಗಳು ಎಂದರೆ ಫೆಬ್ರವರಿ. ಮತ್ತೆ ಹುಡುಕಿಸಿದಾಗ ಮಗಳು ಫೆಬ್ರವರಿ ಒಂಬತ್ತರ ಕಡತದಲ್ಲಿ ಸಿಕ್ಕಳು. ಡೆನ್ಮಾರ್ಕಿಗೆ ಹೋದವಳು, ಹೆಸರು ಮರೆನ್. ಹನ್ನೊಂದು ವರ್ಷದ ಹಿಂದೆಯೇ ಅವಳೂ ತಾಯಿಯನ್ನು ಕೇಳಿ ಬರೆದಿದ್ದಳು, ಯಾರೂ ಬಂದಿಲ್ಲ ಎಂದು ಕಚೇರಿಯವರು ಉತ್ತರ ಕೊಟ್ಟಿದ್ದರು. ಆಮೇಲೆ ಅಕ್ಕನ ಅರ್ಜಿಯೂ ಅದೇ ಕಪಾಟು ಸೇರಿತ್ತು. ಒಂದೇ ಕಪಾಟಿನಲ್ಲಿ ತಾಯಿ ಮಗಳು ಬೇರೆ ಬೇರೆ ತಿಂಗಳಲ್ಲಿ ಕೂತಿದ್ದರು. ನಾನು ಫೋನಿನಲ್ಲಿ ಬೈದ ಬೈಗುಳಕ್ಕೆ ಕಚೇರಿಯ ಈಗಿನ ಹುಡುಗಿ ಕಾರಣಳಲ್ಲ, ಆದರೂ ಪಾಪ ಕೇಳಿಸಿಕೊಂಡಳು.

ಮಗಳ ಪತ್ರ ಬಂದದ್ದು ಡಿಸೆಂಬರಿನಲ್ಲಿ, ಕಚೇರಿಯವರು ನಮ್ಮ ಭಾಷೆಗೆ ಬರೆಸಿ ಕಳಿಸಿದ್ದರು. ಕಣ್ಣು ಮಂಜು ಎಂದು ಅಕ್ಕ ನನ್ನ ಕೈಯಲ್ಲಿ ಓದಿಸಿದಳು. “ಶ್ರೀಮತಿ ಚನ್ ಪಿಲ್ನಾಮ್ ಅವರಿಗೆ” ಎಂದು ಶುರುವಾಗಿತ್ತು. ಅಮ್ಮ ಎಂದಿರಲಿಲ್ಲ. ನಾನು ಅಲ್ಲಿ ಕೆಮ್ಮಿದೆ. “ಓದು, ಅಷ್ಟು ಗೊತ್ತಿದೆ ನಂಗೆ,” ಎಂದಳು.

ಶಾಲೆಯಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳಂತೆ. ಅಕ್ಕ ಅದನ್ನು ಎರಡು ಸಲ ಓದಿಸಿದಳು. ಸಿಟ್ಟಿತ್ತು, ಈಗ ಇದೆಯೋ ಇಲ್ಲವೋ ತನಗೇ ತಿಳಿಯದು ಎಂದು ಬರೆದಿದ್ದಳು. ಈಗಲೇ ಬರಲಾರೆ, ಪತ್ರ ಬರೆಯುತ್ತಿರೋಣ. ಎಳವೆಯಲ್ಲಿ ತಾನು ವಯಸ್ಸಿಗೆ ತೀರ ಚಿಕ್ಕವಳೆಂದು ಅಲ್ಲಿನ ತಂದೆತಾಯಿ ಡಾಕ್ಟರ ಬಳಿ ಓಡಾಡಿದ್ದರಂತೆ, ಅದರ ಕಾರಣ ಈಗ ತಿಳಿಯಿತು. ಕೊನೆಯಲ್ಲಿ ಹೀಗಿತ್ತು: “ಮೂವತ್ತೈದು ವರ್ಷ ಫೆಬ್ರವರಿ ಒಂಬತ್ತಕ್ಕೆ ಕೇಕಿನ ದೀಪ ಊದಿದೆ. ಅದು ನನ್ನ ದಿನವಲ್ಲ ಎಂದು ತಿಳಿದಾಗಿನಿಂದ ನೆಲ ಜಾರಿದ ಹಾಗಿದೆ. ಹಾಗಾದರೆ ಆ ದಿನ ನಾನು ಎಲ್ಲಿದ್ದೆ?”

ಅಕ್ಕ ಉತ್ತರ ಬರೆಯಲು ಕೂತು ಎದ್ದು, ಕೂತು ಎದ್ದು, ಜನವರಿ ಮುಗಿಯಿತು. ಮೀನಿನ ಕನಸು ಬರೆದಳು. ಕೊನೆಯ ಪ್ರಶ್ನೆಗೆ ಏನು ಬರೆಯುವುದೋ ತಿಳಿಯದೆ ಹಾಗೇ ಬಿಟ್ಟಿದ್ದಳು. ಇದನ್ನೆಲ್ಲ ಭಾವನಿಗೆ ಹೇಳುವುದು ಹೇಗೆ ಎನ್ನುವುದೂ ಹಾಗೇ ಉಳಿದಿತ್ತು.

ಫೆಬ್ರವರಿ ಒಂಬತ್ತರಂದು ಶೆಡ್ಡಿಗೆ ರಜೆ. ಅಕ್ಕ ಮಧ್ಯಾಹ್ನ ಊಟಕ್ಕೆ ಕರೆದಳು. ಹೊರಗೆ ಮಂಜು ಇಳಿದಿತ್ತು; ದೋಣಿ, ಬಂದರು, ಎದುರಿನ ದ್ವೀಪ ಒಂದೂ ಇರಲಿಲ್ಲ. ಅಡುಗೆಮನೆಯ ಹಬೆಯೂ ಅದರೊಂದಿಗೆ ಕೂಡಿ ಮನೆ ನೀರಿನ ಮೇಲೆ ತೇಲುವ ಹಾಗಿತ್ತು. ಭಾವ ಬಲೆ ಬದಿಗಿಟ್ಟು ಬಂದು ಕೂತರು. ಮುಂದೆ ಬಂದ ಬಟ್ಟಲನ್ನು ನೋಡಿದರು. ಕಡಲಪಾಚಿ ಸಾರು.

“ಇವತ್ತಲ್ವಲ್ಲ,” ಎಂದರು ಮೆಲ್ಲಗೆ. “ಚಂದ್ರನ ಹೊಸ ವರ್ಷವೇ ಬಂದಿಲ್ಲ. ಎರಡನೇ ತಿಂಗಳು ಒಂಬತ್ತಕ್ಕೆ ಇನ್ನೂ ದೂರ ಇದೆ. ಮಗೂ ದಿನ ತಪ್ಪಿಸ್ಬಿಟ್ಯಾ?”

ಅಕ್ಕ ಸೌಟು ಹಿಡಿದು ನಿಂತೇ ಇದ್ದಳು. ಯಾರೂ ಹೇಳದಿದ್ದರೂ ಇಷ್ಟು ವರ್ಷ ಈ ಮನುಷ್ಯ ಆ ದಿನ ಎಣಿಸುತ್ತಲೇ ಇದ್ದ.

“ಇವತ್ತು ಅವಳಿನ್ನೂ ಹುಟ್ಟಿರಲಿಲ್ಲ,” ಎಂದಳು ಅಕ್ಕ. ಮುಖ ನಾನು ಅವಳಲ್ಲಿ ಎಂದೂ ಕಾಣದಷ್ಟು ಎಳೆಯದಾಗಿತ್ತು. “ಇನ್ನೂ ಇಪ್ಪತ್ತಾರು ದಿನ ಇತ್ತು. ಇವತ್ತು ನನ್ನ ಹೊಟ್ಟೆಯಲ್ಲೇ ಇದ್ಲು. ಒದೀತಾ ಇದ್ಲು.”

ಭಾವ ತಮ್ಮ ಬಟ್ಟಲನ್ನು ಎತ್ತಿ ಅವಳ ಜಾಗದ ಮುಂದಿಟ್ಟರು, ಅದರ ಪಕ್ಕ ಚಮಚ ಇಟ್ಟರು.

“ಹಾಗಾದ್ರೆ ಮೊದ್ಲು ನೀನು ಕೂತು ಉಣ್ಣು,” ಎಂದರು. “ಇಬ್ಬರ ಊಟ ಅದು.”